ಅಪ್ಪನ ಕ್ಷೇಮ ಕೇಳುತ್ತಿದ್ದ ಊರು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತಾಂಜಾನಿಯಾದ ಮಿಷನ್ ಆಸ್ಪತ್ರೆಗೆ ನರ್ಸಾಗಿ ಹೊರಟೆ. ನಮ್ಮದು ಭಾನುವಾರ ಚರ್ಚು ತಪ್ಪಿಸದ ಮನೆ. ಆದರೂ ಸುದ್ದಿ ಕೇಳಿ ಅಪ್ಪ ಉರಿದುಬಿದ್ದರು. ಅವರು ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ದನ ನೋಡಿಕೊಳ್ಳುವ ಕೆಲಸದಲ್ಲಿದ್ದರು.

“ದೇವರ ಸೇವೆ ಮಾಡೋಕೆ ಸಮುದ್ರ ದಾಟ್ಬೇಕಾ? ಹೆಬ್ಬಾಳದಲ್ಲಿ ಯಾರಿಗೂ ಕಾಯ್ಲೆನೇ ಬರಲ್ವಾ?”

ನಾನೂ ಅವರ ಮಗಳೇ. “ಇಲ್ಲಿನೋರನ್ನ ನೋಡ್ಕೊಳ್ಳೋಕೆ ನೀವೆಲ್ಲ ಇದ್ದೀರಲ್ಲ” ಎಂದುಬಿಟ್ಟೆ. ಅಂದಿನಿಂದ ಅಪ್ಪ ನನ್ನ ಜೊತೆ ಮಾತು ಬಿಟ್ಟರು. ಒಂದೇ ಕೋಣೆಯಲ್ಲಿದ್ದರೂ ಏನಿದ್ದರೂ ಅಮ್ಮನ ಮೂಲಕವೇ. “ಕೊಡೆ ಮರೆತು ಹೋಗ್ತಿದ್ದಾಳೆ, ಹೇಳೇ ಅವಳಿಗೆ.” ಅಮ್ಮ ನನ್ನ ಕಡೆ ತಿರುಗುವಷ್ಟರಲ್ಲಿ ಕೊಡೆ ನನ್ನ ಕೈಯಲ್ಲಿರುತ್ತಿತ್ತು. ಹೊರಡುವ ದಿನವೂ ಅವರು ಕೊಂಬು ಮುರಿದ ಹಸುವೊಂದರ ನೆಪದಲ್ಲಿ ಕಾಲೇಜಿನ ಕೊಟ್ಟಿಗೆ ಬಿಟ್ಟು ಬರಲಿಲ್ಲ.

ಕತ್ತಲಲ್ಲಿರುವವರಿಗೆ ಬೆಳಕು ಕೊಡಲು ಹೋಗುತ್ತಿದ್ದೇನೆ ಎಂಬ ಜಂಬ ನನಗೆ. ಮೊದಲ ಬೆಳಿಗ್ಗೆಯೇ ಆಸ್ಪತ್ರೆಯ ಬಾಗಿಲಲ್ಲಿ ದೊಡ್ಡ ಸಾಲು. ಮುಂದಿದ್ದ ಅಜ್ಜಿಯನ್ನು ದುಭಾಷಿಯ ಮೂಲಕ ಕೇಳಿದೆ: “ಏನು ತೊಂದರೆ? ಬೇಗ ಹೇಳಿ.” ಅಜ್ಜಿ ನನ್ನನ್ನು ಒಮ್ಮೆ ದಿಟ್ಟಿಸಿ, ಕೋಲು ತೆಗೆದುಕೊಂಡು ಎದ್ದು ಹೋದಳು. ಹಿಂದಿದ್ದವರೂ ಒಬ್ಬೊಬ್ಬರಾಗಿ ಎದ್ದುಹೋದರು. ಇಂಜೆಕ್ಷನ್ನಿಗೆ ಹೆದರಿದರೇನೋ ಅಂದುಕೊಂಡೆ.

ಮರುದಿನ ಅಜ್ಜಿ ಮತ್ತೆ ಬಂದು ನನ್ನೆದುರು ಕುಳಿತು ಕೇಳತೊಡಗಿದಳು. ನಿದ್ದೆ ಬಂತಾ? ತಾಯಿ ಹೇಗಿದ್ದಾರೆ? ತಂದೆ ಹೇಗಿದ್ದಾರೆ? ಮನೆಯ ದನಗಳು ಹೇಗಿವೆ? ನಾನು ಎಲ್ಲಕ್ಕೂ “ಚೆನ್ನಾಗಿದ್ದಾರೆ, ಚೆನ್ನಾಗಿವೆ” ಎನ್ನುತ್ತಾ ಹೋದೆ. “ಈಗ ನೀನು ಕೇಳು” ಎಂದಳು. ಅವಳ ಮೊಮ್ಮಕ್ಕಳು, ಜೋಳದ ಹೊಲ, ಹಸು ಎಲ್ಲ ವಿಚಾರಿಸಿಯಾದ ಮೇಲೆ ಕಾಲಿನ ಹುಣ್ಣು ತೋರಿಸಿದಳು. ಮನೆಯವರ ಕ್ಷೇಮ ಕೇಳದೆ ಕಾಯಿಲೆ ಕೇಳುವುದು ಅಲ್ಲಿ ಮನುಷ್ಯರನ್ನು ಮಾತಾಡಿಸುವ ರೀತಿಯೇ ಅಲ್ಲ. ಕ್ಷೇಮ ಕೇಳಿಸಿಕೊಂಡವರು ತಿರುಗಿ ಕ್ಷೇಮ ಕೇಳದೆ ಎದ್ದು ಹೋಗುವಂತೆಯೂ ಇಲ್ಲ.

ಮೊದಲ ತಿಂಗಳು ಸಿಡಿಮಿಡಿಗುಟ್ಟಿದೆ. ಆಮೇಲೆ ಅದಿಲ್ಲದೆ ಕೆಲಸ ಶುರುಮಾಡಲು ನನಗೇ ಮನಸ್ಸಾಗುತ್ತಿರಲಿಲ್ಲ. ಇದ್ದದ್ದನ್ನು ಇದ್ದಂತೆ ಮುಖಕ್ಕೆ ಹೇಳುವುದೇ ದೊಡ್ಡ ಗುಣ ಎಂದು ನಂಬಿ ಬೆಳೆದವಳು ನಾನು. ಮೊದಲು ಮನುಷ್ಯ, ವಿಷಯ ಆಮೇಲೆ ಎಂದು ಅಲ್ಲಿ ಕಲಿತೆ. ಆದರೆ ಬಂದವರೆಲ್ಲ “ತಂದೆ ಹೇಗಿದ್ದಾರೆ?” ಎನ್ನುವರು. ಅಪ್ಪ ನನ್ನ ಜೊತೆ ಮಾತಾಡಿಯೇ ವರ್ಷಗಳಾಗಿದ್ದವು; ಪ್ರತಿ ಸಲ “ಚೆನ್ನಾಗಿದ್ದಾರೆ” ಎಂದು ಬೇಗ ಕೇಳಿದವರ ಮನೆಯ ವಿಚಾರಕ್ಕೆ ಹೊರಳುತ್ತಿದ್ದೆ.

ಎಂಬತ್ತರ ದಶಕದ ಮೊದಲಲ್ಲಿ ವಾಪಸು ಬಂದೆ. ಯಶವಂತಪುರದಲ್ಲಿ ರೈಲಿಳಿದು ಅಪ್ಪನ ಕಾಲೇಜಿನ ಕ್ವಾರ್ಟರ್ಸ್ ಮುಟ್ಟಿದಾಗ ಮಧ್ಯಾಹ್ನ. ಅಪ್ಪ ಜಗಲಿಯ ಮೇಲಿದ್ದರು. ನನ್ನನ್ನು ನೋಡಿ ಒಳಗೆ ಕೂಗಿದರು: “ಬಂದ್ಲು ಕಣೇ. ನೀರು ಕೊಡು ಅವಳಿಗೆ.”

ರೈಲಿನಲ್ಲಿ ವಾದಕ್ಕೆ ಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡಿದ್ದೆ. ಒಂದನ್ನೂ ಆಡಲಿಲ್ಲ. ಬ್ಯಾಗ್ ಇಟ್ಟು ಮೆಟ್ಟಿಲ ಮೇಲೆ ಕುಳಿತೆ.

“ರಾತ್ರಿ ನಿದ್ದೆ ಬಂತಾ ಅಪ್ಪಾ?”

ಅವರು ಕಕ್ಕಾಬಿಕ್ಕಿಯಾದರು. “ಹ್ಞೂ” ಎಂದದ್ದು ಜಗಲಿಯ ಕಂಬಕ್ಕೆ.

“ಮಂಡಿ ನೋವು?”

“ಇದೆ.”

“ಆ ಕೊಂಬು ಮುರಿದ ಹಸು?”

“ಕರು ಹಾಕ್ತು.”

ಇಷ್ಟಾದ ಮೇಲೆ ಸರದಿ ಅವರದು. ನಾನು ಕಾದೆ. ನೀರಿನ ಲೋಟ ಹಿಡಿದ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಬಳ್ಳಾರಿ ರಸ್ತೆಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು. ಕೇಳದಿದ್ದರೆ ಏನು ಮಾಡಲಿ ಎಂದು ಬ್ಯಾಗಿನ ಹಿಡಿಯನ್ನೇ ತಿರುಚುತ್ತಿದ್ದೆ.

“ಅಲ್ಲಿ ಜನ ಹೆಂಗೆ?” ಅಪ್ಪ ಕೊನೆಗೂ ಕೇಳಿದರು.

“ದಿನಾ ನಿಮ್ಮನ್ನೇ ಕೇಳ್ತಿದ್ರು ಅಪ್ಪಾ. ತಂದೆ ಹೇಗಿದ್ದಾರೆ ಅಂತ.”

“ನನ್ನನ್ನಾ? ನೀನೇನಂತಿದ್ದೆ?”

“ಚೆನ್ನಾಗಿದ್ದಾರೆ ಅಂತಿದ್ದೆ.”

ಅಪ್ಪ ಮಂಡಿ ನೀವಿಕೊಂಡರು. “ಸುಳ್ಳು ಹೇಳಿದ್ದೀಯ ಕಣೇ. ಎಲ್ಲಿ ಚೆನ್ನಾಗಿದ್ದೆ ನಾನು?”

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅಪ್ಪ ಅಮ್ಮನ ಕೈಯಿಂದ ಲೋಟ ತೆಗೆದುಕೊಂಡು ನನ್ನ ಮುಂದೆ ಹಿಡಿದು, “ನೀರು ಕುಡಿ” ಎಂದರು. ನನಗೇ ಹೇಳಿದರು.