ಗುರುಸಿದ್ದಮ್ಮನ ಫೈಲು
ಹೆಡತಲೆ ಕಡೆಯ ಬಸ್ಸಿನಿಂದ ಗುರುಸಿದ್ದಮ್ಮ ಇಳಿದಳೆಂದರೆ ನಂಜನಗೂಡಿನ ಕಚೇರಿಯೊಂದರ ಗುಮಾಸ್ತನಿಗೆ ತಟ್ಟನೆ ಕಾಫಿ ನೆನಪಾಗುತ್ತದೆ. ಅವನು ಏಳುವ ಮೊದಲೇ ಅವಳು ಫೈಲನ್ನು ಮೇಜಿನ ಮೇಲೆ ಕುಕ್ಕಿ, "ಕಬ್ಬಿನ್ ಗದ್ದೇಲಿ ಅಡಗಿದ್ದ ಸ್ವಾತಂತ್ರ್ಯ ಚಳವಳಿಯೋರ್ಗೆ ಮುದ್ದೆ ಒತ್ಕೊಂಡೋಗಿ ಜೈಲು ಸೇರ್ದೋನು ನಮ್ ತಾತ ಕಣ್ ಸಾ! ಹೋರಾಟಗಾರರ ಪಟ್ಟೀಲಿ ಅವ್ನ ಎಸ್ರು ಬರ್ಕಳಿ!" ಎಂದು ಶುರುಮಾಡುತ್ತಾಳೆ. "ಅವರು ಜೈಲಿಗೆ ಹೋಗಿದ್ದು ನಿಜ ಅಂತ ಊರಿನ ಇಬ್ಬರು ಹಿರಿಯರ ರುಜು ಬೇಕಮ್ಮ" ಎಂಬ ಅವನ ಅದೇ ಉತ್ತರಕ್ಕೆ ಅವಳ ಮೈಯೆಲ್ಲ ಉರಿಯುತ್ತದೆ. ಜೈಲಿಗೆ ಹೋದವನ ಮನೆಯೆಂದು ಮೂರು ತಲೆಮಾರು ಅವಳ ಮನೆಗೆ ಹೆಣ್ಣು ಕೊಡದ ಹಿರಿಯರು ಈಗ ಜಗುಲಿಯ ಮೇಲೆ ಕುಳಿತು, "ನಿಮ್ ತಾತ ಜೈಲಿಗೋಗಿದ್ನಾ? ನಮಗ್ ಗೊತ್ತಿಲ್ವಲ್ಲವ್ವ" ಎನ್ನುತ್ತಾರೆ. "ಆಡ್ಕೊಳ್ಳಾಕೆ ಗೊತ್ತಿತ್ತು, ರುಜು ಆಕಾಕೆ ಮರ್ತೋಯ್ತಾ?" ಎಂದು ಅವಳು ಇಡೀ ಬೀದಿಗೆ ಕೇಳುವಂತೆ ಕೂಗುತ್ತಾಳೆ. ಮೊನ್ನೆ ಕಚೇರಿಯಲ್ಲಿ ಮಾತ್ರ ಅವಳು ಕೂಗಲಿಲ್ಲ. ರುಜು ಹಾಕದ ಆ ಹಿರಿಯರಲ್ಲೊಬ್ಬ ಮೊಮ್ಮಗಳ ಮದುವೆಗೆ ಕೊಟ್ಟುಕಳಿಸಿದ್ದ ಲಗ್ನಪತ್ರಿಕೆಯನ್ನು ಗುಮಾಸ್ತನ ಮುಂದಿಟ್ಟು, ಕವರಿನ ಮೇಲೆ ಆ ಹಿರಿಯನೇ ಕೈಯಾರೆ ಬರೆದಿದ್ದ ವಿಳಾಸದ ಮೇಲೆ ಬೆರಳಿಟ್ಟಳು: "ಗುರುಸಿದ್ದಮ್ಮ, ಜೈಲೋರ ಮನೆ."