ಸಂಶೋಧನೆಗೆ ಕೊಟ್ಟ ಗುರುವಾರಗಳು

ನಮ್ಮ ಆಸ್ಪತ್ರೆಯಲ್ಲಿ ಎದುರಿಗೆ ರೋಗಿ ಕೂತಿಲ್ಲದ ಡಾಕ್ಟರನ್ನು ‘ಫ್ರೀ’ ಎನ್ನುತ್ತಾರೆ. ಓದುತ್ತಿದ್ದರೂ ಫ್ರೀ, ಬರೆಯುತ್ತಿದ್ದರೂ ಫ್ರೀ. ಎದೆರೋಗದ ಡಾಕ್ಟರಾಗಿ ಶಿವಮೊಗ್ಗಕ್ಕೆ ಬಂದ ಮೊದಲ ವಾರವೇ ಈ ಮಾತು ಕಿವಿಗೆ ಬಿದ್ದಿತ್ತು. ಅದರಿಂದ ಏನೇನು ಹಾಳಾಗಬಹುದು ಎಂದು ತಿಳಿದದ್ದು ಫೆಲೋಶಿಪ್ ಸಿಕ್ಕ ಮೇಲೆ.

ಫೆಲೋಶಿಪ್‌ನ ಏರ್ಪಾಡು ಸರಳವಾಗಿತ್ತು. ಗುರುವಾರ ಮತ್ತು ಶುಕ್ರವಾರ ನಾನು ಒಪಿಡಿಯಲ್ಲಿ ಕೂತು ಹೊರರೋಗಿಗಳನ್ನು ನೋಡುವಂತಿಲ್ಲ, ಸಂಶೋಧನೆ ಮಾಡಬೇಕು. ಆ ದಿನಗಳ ನನ್ನ ಸಂಬಳವನ್ನು ಫೆಲೋಶಿಪ್ ಕೊಟ್ಟವರೇ ಆಸ್ಪತ್ರೆಗೆ ತುಂಬಿಕೊಡುತ್ತಾರೆ, ನನ್ನ ಕುರ್ಚಿಯಲ್ಲಿ ಇನ್ನೊಬ್ಬರನ್ನು ಕೂರಿಸಿಕೊಳ್ಳಲಿ ಎಂದು. ಬೇರೆ ಊರಿನ ಹಿರಿಯ ಸಂಶೋಧಕಿಯೊಬ್ಬರು ಫೋನಿನಲ್ಲೇ ಮಾರ್ಗದರ್ಶನ ಮಾಡುತ್ತಿದ್ದರು. ರೋಗಿಗಳ ನಡುವೆ ಹುಟ್ಟಿದ ಅನುಮಾನವನ್ನು ಅಳೆಯಬಲ್ಲ ಪ್ರಶ್ನೆಯಾಗಿ ಮಾಡುವುದನ್ನು ನಾನು ಕಲಿತದ್ದು ಅವರಿಂದ. ಅವಧಿ ಮುಗಿಯುವ ಹೊತ್ತಿಗೆ ಚಿಕಿತ್ಸೆ, ಪಾಠ, ಸ್ವಂತ ಸಂಶೋಧನೆ ಮೂರನ್ನೂ ಒಟ್ಟಿಗೆ ನಡೆಸುವ ಹುದ್ದೆಗೆ ನಾನು ಅರ್ಹಳಾಗುತ್ತಿದ್ದೆ. ನನಗೆ ಬೇಕಾಗಿದ್ದದ್ದು ಅದೊಂದೇ. ಮನೆಯಲ್ಲಿಯೂ ನಾನು ಇದನ್ನು ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ನನ್ನ ಪ್ರಶ್ನೆ ಭದ್ರಾವತಿಯ ಫೌಂಡ್ರಿಗಳಲ್ಲಿ ದುಡಿದವರದ್ದು. ಎರಕ ಹೊಯ್ದ ಮೇಲೆ ಮರಳಿನ ಅಚ್ಚು ಒಡೆಯುವಾಗ ಏಳುವ ದೂಳನ್ನು ವರ್ಷಗಟ್ಟಲೆ ಕುಡಿದವರು ಅವರು. ಕೆಲಸ ಬಿಟ್ಟ ಮೇಲೂ ಕೆಲವರ ಉಸಿರಿನ ಶಕ್ತಿ ಇಳಿಯುತ್ತಲೇ ಹೋಗುತ್ತದೆ, ಕೆಲವರದು ಇದ್ದಷ್ಟೇ ಉಳಿಯುತ್ತದೆ. ಯಾಕೆ? ಇದಕ್ಕಾಗಿ ಪ್ರತಿ ಗುರುವಾರ ಭದ್ರಾವತಿಯ ಕ್ಲಿನಿಕ್ಕೊಂದರ ಕೋಣೆಯಲ್ಲಿ ಅವರಿಂದ ಯಂತ್ರಕ್ಕೆ ಊದಿಸಿ ಉಸಿರನ್ನು ಅಳೆಯಬೇಕಿತ್ತು. ಆ ಪರೀಕ್ಷೆಗೆ ಒಂದು ನಿಯಮವಿದೆ. ಅಂದು ಬೆಳಿಗ್ಗೆ ಉಸಿರಾಟದ ಪಂಪು, ಅಂದರೆ ಇನ್‌ಹೇಲರ್, ಎಳೆದುಕೊಂಡಿರಬಾರದು, ಎಳೆದುಕೊಂಡರೆ ಅಳತೆ ತಪ್ಪುತ್ತದೆ.

ವಿಭಾಗದ ಮುಖ್ಯಸ್ಥರು ನನ್ನ ಗುರುವಾರಗಳನ್ನು ಒಂದೊಂದಾಗಿ ತೆಗೆದುಕೊಳ್ಳತೊಡಗಿದರು. ನನ್ನ ಬದಲಿಗೆ ಯಾರನ್ನೂ ನೇಮಿಸಲಿಲ್ಲ. ಫೋನ್ ಮಾಡಿ, “ಇವತ್ತು ಫ್ರೀ ಇದ್ದೀರಲ್ಲ ಡಾಕ್ಟ್ರೇ, ಸ್ವಲ್ಪ ಒಪಿಡಿಗೆ ಬನ್ನಿ” ಎನ್ನುತ್ತಿದ್ದರು. ಸ್ವಲ್ಪ ಎಂದರೆ ಸಂಜೆಯವರೆಗೆ. ನಾನು ಫೆಲೋಶಿಪ್‌ನ ಷರತ್ತು ನೆನಪಿಸಿದರೆ ನಗುತ್ತಿದ್ದರು. “ಊದಿಸೋದು ನಾಳೆನೂ ಊದಿಸಬಹುದು. ರೋಗಿ ನಾಳೆ ಇರ್ತಾನಾ?” ಸುತ್ತಲಿದ್ದವರೂ ನಗುತ್ತಿದ್ದರು. ಫೌಂಡ್ರಿಯವರೂ ರೋಗಿಗಳೇ ಎಂದು ಅಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ.

ಒಂದು ಗುರುವಾರ ಭದ್ರಾವತಿಯ ಬಸ್ಸು ಮಲವಗೊಪ್ಪ ದಾಟುವಾಗ ಅದೇ ಕರೆ ಬಂತು. ಇಳಿದು ಹಿಂದಿರುಗಿದೆ. ಕಾಯುತ್ತಿರುವವರನ್ನು ಮನೆಗೆ ಕಳಿಸಿ, ಪಂಪು ತೆಗೆದುಕೊಳ್ಳಲು ಹೇಳಿ ಎಂದು ಕ್ಲಿನಿಕ್ಕಿಗೆ ತಿಳಿಸಿದೆ. ಎಲ್ಲರೂ ಹೋದರು, ಒಬ್ಬರ ಹೊರತಾಗಿ. ಅಚ್ಚು ಒಡೆಯುತ್ತಿದ್ದ ಆ ಹಿರಿಯರು, ಮೇಡಂ ಹೇಳಿದ ಮೇಲೆ ಬಂದೇ ಬರುತ್ತಾರೆ, ಈಗ ಪಂಪು ಎಳೆದರೆ ಅವರ ಲೆಕ್ಕ ಕೆಡುತ್ತದೆ ಎಂದು ಬೆಂಚಿನ ಮೇಲೆ ಕೂತೇ ಇದ್ದರಂತೆ. ಮಧ್ಯಾಹ್ನದ ಹೊತ್ತಿಗೆ ತುಟಿ ನೀಲಿಗಟ್ಟಿತ್ತು. ಕ್ಲಿನಿಕ್ಕಿನವರು ಆಮ್ಲಜನಕ ಕೊಟ್ಟು ಉಳಿಸಿಕೊಂಡರು. ಆ ಹೊತ್ತಿನಲ್ಲಿ ನಾನು ಶಿವಮೊಗ್ಗದಲ್ಲಿ ಕೂತು ನೆಗಡಿಗೆ ಮಾತ್ರೆ ಬರೆಯುತ್ತಿದ್ದೆ.

ಎರಡು ದಿನ ಬಿಟ್ಟು ಅವರ ಹೆಂಡತಿ ನಮ್ಮ ಒಪಿಡಿಗೆ ಬಂದರು. ಎಲ್ಲರಂತೆ ಚೀಟಿ ಮಾಡಿಸಿ, ಸರದಿಯಲ್ಲಿ ನಿಂತು, ನನ್ನ ಮೇಜಿನ ಮುಂದೆ ಕೂತರು.

“ಏನಮ್ಮಾ ಡಾಕ್ಟ್ರಮ್ಮ, ಪಂಪು ಬಿಡು ಅಂತೀಯ. ಬಿಟ್ರೆ ನೀನೇ ಇಲ್ಲ. ನಮ್ಮನೆಯವ್ರು ಏನು ನಿನ್ ಮೆಷಿನ್ನಾ, ಸ್ವಿಚ್ ಆಫ್ ಮಾಡಿ ಇಟ್ಬಿಟ್ಟು ಹೋಗಕ್ಕೆ?”

ನಾನು ಕ್ಷಮೆ ಕೇಳಿದೆ.

“ನಿನ್ ಸಾರಿ ನೀನೇ ಇಟ್ಕೊ. ಮುಂದಿನ ವಾರ ಇರ್ತೀಯಾ ಇಲ್ವಾ, ಅದು ಹೇಳು.”

ಪಕ್ಕದ ಮೇಜಿನಿಂದ ಮುಖ್ಯಸ್ಥರು ತಲೆಯೆತ್ತಿ, “ನೋಡಿದ್ರಾ? ಅದಕ್ಕೇ ಹೇಳೋದು, ಈ ರಿಸರ್ಚ್ ಎಲ್ಲ ತಲೆನೋವು ಮಾರಾಯ್ತಿ” ಎಂದರು. ಆ ಕ್ಷಣ ನನಗೆ ಬಂದ ಸಿಟ್ಟು ಈಗಲೂ ಇಳಿದಿಲ್ಲ. ನಾನು ಮುಂದಿನ ರೋಗಿಯನ್ನು ಕರೆದೆ.

ಆ ತಿಂಗಳ ಕೊನೆಯಲ್ಲಿ ಫೆಲೋಶಿಪ್‌ನ ವಾರ್ಷಿಕ ಪರಿಶೀಲನೆ ಇತ್ತು. ಮುಖ್ಯಸ್ಥರ ಕೋಣೆಯಲ್ಲಿ, ಅವರ ಕಂಪ್ಯೂಟರಿನ ಮುಂದೆ, ಇಬ್ಬರೂ ಅಕ್ಕಪಕ್ಕ ಕೂತಿದ್ದೆವು. ಪರದೆಯಲ್ಲಿದ್ದ ಸಮಿತಿಯವರು ನನ್ನ ಅಳತೆಗಳು ಯಾಕಿಷ್ಟು ಕಡಿಮೆ ಎಂದು ಕೇಳಿದರು. ಹೀಗೇ ಮುಂದುವರಿದರೆ ಫೆಲೋಶಿಪ್ ನಿಲ್ಲಿಸಬೇಕಾಗುತ್ತದೆ ಎಂದರು. ಆಮೇಲೆ, “ವಾರದ ಎರಡು ದಿನ ಸಿಗುತ್ತಿವೆಯೇ?”

“ಪೂರ್ತಿ ಕೊಟ್ಟಿದ್ದೀವಿ ಸರ್,” ಮುಖ್ಯಸ್ಥರು ಹೇಳಿದರು. “ಹುಡುಗಿ ಸ್ವಲ್ಪ ನಿಧಾನ, ಅಷ್ಟೆ.”

“ಸಿಕ್ಕಿಲ್ಲ,” ಎಂದೆ. “ಗುರುವಾರಗಳಲ್ಲಿ ಹೆಚ್ಚಿನವು ಒಪಿಡಿಗೆ ಹೋಗಿವೆ. ನನ್ನ ಜಾಗಕ್ಕೆ ಇವರು ಯಾರನ್ನೂ ನೇಮಿಸಿಲ್ಲ. ಒಬ್ಬ ರೋಗಿಗೆ ಅಪಾಯವೂ ಆಗಿದೆ.”

ಸಮಿತಿಯವರು ಸ್ವಲ್ಪ ಹೊತ್ತು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ದಿನಗಳನ್ನು ಬಿಟ್ಟುಕೊಡದಿದ್ದರೆ ಆಸ್ಪತ್ರೆಗೆ ಕೊಟ್ಟ ಹಣವನ್ನು ವಾಪಸು ಪಡೆಯುತ್ತೇವೆ, ನನ್ನನ್ನು ಬೇರೆ ಆಸ್ಪತ್ರೆಗೆ ಕಳಿಸುತ್ತೇವೆ ಎಂದು ತಿಳಿಸಿದರು. ಪರದೆ ಕಪ್ಪಾದ ಮೇಲೆ ಮುಖ್ಯಸ್ಥರು ನನ್ನ ಕಡೆ ತಿರುಗದೆ ಹೇಳಿದರು: “ಮನೆ ಮಾತನ್ನ ಬೀದಿಗೆ ತಂದ್ರಿ.”

“ಬೀದಿಗೆ ತಂದದ್ದಲ್ಲ ಸರ್. ಕೇಳಿದ್ರು, ಹೇಳಿದೆ.”

ಗುರುವಾರ, ಶುಕ್ರವಾರ ನನಗೆ ಸಿಕ್ಕವು. ಜೊತೆಗೆ ಮುಖ್ಯಸ್ಥರಿಂದ ಪ್ರತಿ ಬುಧವಾರ ರಾತ್ರಿ ಪಾಳಿಯೂ ಸಿಕ್ಕಿತು, ಅದೂ ನನಗೊಬ್ಬಳಿಗೇ. ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲವಂತೆ. ಸಂಶೋಧನೆ ಮಾಡುವ ಡಾಕ್ಟರು ಬೇಕು ಎಂದು ಭಾಷಣ ಮಾಡುವವರೆಲ್ಲ ಇಂಥ ಒಂದು ಬುಧವಾರವನ್ನು ಕಳೆದು ನೋಡಬೇಕು. ಇದನ್ನು ತಾಳಲಾರದೆ ಎಷ್ಟು ಮಂದಿ ಬಿಟ್ಟು ಹೋಗಿರಬಹುದು, ಅವರವರ ಪ್ರಶ್ನೆಗಳು ಏನಾದವು ಎಂದು ಯಾರೂ ಕೇಳುವುದಿಲ್ಲ.

ಪಾಳಿ ಮುಗಿಸಿ, ವಿನೋಬನಗರದ ಮನೆಗೆ ಹೋಗಿ ಮುಖ ತೊಳೆದು, ಬಸ್ಸು ಹತ್ತುತ್ತೇನೆ. ಹೀಗೆ ಹೋದ ಮೊದಲ ಗುರುವಾರ ನಾನು ಕ್ಲಿನಿಕ್ಕಿಗೆ ತಲುಪುವಾಗ ಅಚ್ಚು ಒಡೆಯುತ್ತಿದ್ದ ಹಿರಿಯರು ಬಂದು ಕೂತಿದ್ದರು. ಈ ಸಲ ಅವರ ಹೆಂಡತಿ ಪಂಪನ್ನು ತಮ್ಮ ಸೆರಗಿನಲ್ಲಿ ಗಂಟು ಹಾಕಿಕೊಂಡು ಪಕ್ಕದಲ್ಲೇ ಇದ್ದರು.

“ಕಣ್ಣು ಕೆಂಪಾಗಿದೆ ನಿನಗೆ,” ಎಂದರು. “ನಿದ್ದೆ ಮಾಡಿಲ್ವಾ?”

“ಇಲ್ಲ.”

“ಸರಿ. ಬೇಗ ಊದಿಸು ಮತ್ತೆ.”

ಯಂತ್ರದ ಕೊಳವೆಯನ್ನು ಅವರ ಗಂಡನ ತುಟಿಗೆ ಹಿಡಿದು, “ಪೂರ್ತಿ ಎಳ್ಕೊಳ್ಳಿ, ಈಗ ಜೋರಾಗಿ ಊದಿ, ನಿಲ್ಲಿಸಬೇಡಿ” ಎಂದೆ.