ಒಳಗಿನ ಚಿಲಕ

ಅಂಬಿಕಾಳ ಕೋಣೆಯ ಬಾಗಿಲಿಗೆ ಚಿಲಕ ಇದ್ದದ್ದು ಒಳಗಡೆ. ರಾತ್ರಿ ಅದನ್ನು ಹಾಕುವುದು ಅವಳಿಗೆ ಕಷ್ಟವಾಗಿರಲಿಲ್ಲ. ಬೆಳಿಗ್ಗೆ ತೆಗೆಯುವುದು ಮಾತ್ರ ಆಗುತ್ತಿರಲಿಲ್ಲ.

ಹನ್ನೊಂದು ವರ್ಷ ಅವಳು ಇದ್ದದ್ದು ಮನಸ್ಸಿನ ಕಾಯಿಲೆಯವರನ್ನು ಇಟ್ಟುಕೊಳ್ಳುವ ಒಂದು ಕೇಂದ್ರದಲ್ಲಿ. ಅಲ್ಲಿ ಬಾಗಿಲು ಹಾಕುವವರೂ ತೆಗೆಯುವವರೂ ಬೇರೆಯವರು. ಬೆಳಿಗ್ಗೆ ಆರಕ್ಕೆ ಯಾರೋ ಬಂದು ಎರಡು ಸಲ ಬಡಿದು ಬೀಗ ತೆಗೆದರೆ ದಿನ ಶುರು. ಕಾಯಿಲೆ ಹತೋಟಿಗೆ ಬಂದು ನಾಲ್ಕು ವರ್ಷವಾದರೂ ಅವಳನ್ನು ಕರೆದುಕೊಂಡು ಹೋಗಲು ಅಣ್ಣಂದಿರು ಬರಲಿಲ್ಲ. ಕೊನೆಗೆ ಬಂದವರು ಒಂದು ಸಂಸ್ಥೆಯವರು. ಇಂಥವರಿಗೆ ಊರೊಳಗೆ ಬಾಡಿಗೆ ಮನೆ ಹುಡುಕಿ ಕೊಡುವುದು, ವಾರಕ್ಕೊಮ್ಮೆ ಹೋಗಿ ನೋಡುವುದು, ಅಡಿಗೆ, ಮಾತ್ರೆ, ರೇಷನ್ನು ಎಲ್ಲವನ್ನೂ ಅವರೇ ನಿಭಾಯಿಸಿಕೊಳ್ಳುವ ಹಾಗೆ ಮಾಡುವುದು ಆ ಸಂಸ್ಥೆಯ ಕೆಲಸ. ನರಸಿಂಹರಾಜಪುರದಲ್ಲಿ ಜಲಜಮ್ಮನ ಮನೆಗೆ ಅಂಟಿಕೊಂಡು ರಸ್ತೆಗೆ ಮುಖ ಮಾಡಿದ್ದ ಒಂದು ಕೋಣೆ ಅಂಬಿಕಾಳಿಗೆ ಸಿಕ್ಕಿತು. ಅಡಿಕೆ ಹಾಳೆಯಿಂದ ಊಟದ ತಟ್ಟೆ ಮಾಡುವ ಶೆಡ್ಡಿನಲ್ಲಿ ಕೆಲಸವೂ ಸಿಕ್ಕಿತು. ಆಗ ಅವಳಿಗೆ ನಲವತ್ತಮೂರು.

ಮೊದಲ ದಿನ ಸಂಸ್ಥೆಯವರೇ ಬಂದು ಬಾಗಿಲು ಬಡಿದು ಕೆಲಸಕ್ಕೆ ಕರೆದುಕೊಂಡು ಹೋಗಿದ್ದರು. ಎರಡನೆಯ ದಿನವೇ ಅವಳು ಬರಲಿಲ್ಲವೆಂದು ಶೆಡ್ಡಿನಿಂದ ಫೋನು ಬಂತು. ಜಲಜಮ್ಮ ಹೋಗಿ ಬಾಗಿಲು ಬಡಿದಳು. ಬಡಿದ ಕೂಡಲೇ ಬಾಗಿಲು ತೆರೆಯಿತು. ಅಂಬಿಕಾ ಸ್ನಾನ ಮಾಡಿ, ತಲೆ ಬಾಚಿ, ಬುತ್ತಿಯ ಚೀಲ ಹಿಡಿದು ನಿಂತಿದ್ದಳು. ಗಂಟೆ ಹತ್ತಾಗಿತ್ತು.

"ಎಂತ ಮಾಡ್ತಿದ್ದೆ ಇಷ್ಟೊತ್ತು?"

"ಕೂತಿದ್ದೆ."

"ಬಾಗಿಲು ತೆಗೆಯಕ್ಕೆ ಎಂತ ಆಗಿತ್ತು ಮಾರಾಯ್ತಿ?"

"ನೀವು ಬಡೀಲಿಲ್ಲ."

ಜಲಜಮ್ಮನಿಗೆ ಅರವತ್ತೆಂಟು ವರ್ಷ, ಬಾಯಿ ಜೋರು. ಮರುದಿನದಿಂದ ಹೂ ಕೊಯ್ಯಲು ಹೊರಟಾಗ ಆ ಬಾಗಿಲಿಗೆ ಎರಡು ಸಲ ಬಡಿದೇ ಮುಂದೆ ಹೋಗುತ್ತಿದ್ದಳು. ಹೀಗೆ ಹತ್ತು ತಿಂಗಳು ಕಳೆಯಿತು. ಪ್ರತಿ ಗುರುವಾರ ಕೊಪ್ಪದಿಂದ ಬರುತ್ತಿದ್ದ ಸಂಸ್ಥೆಯ ರಂಜನಾ ಮಾತ್ರೆಯ ಹಾಳೆ ನೋಡಿದಳು, ಸಾರಿನ ರುಚಿ ನೋಡಿದಳು, ಎಲ್ಲ ಸರಿಯಿದೆ ಎಂದು ಬರೆದುಕೊಂಡಳು. ಬಾಗಿಲಿನ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ.

ಹೇಳುವ ಹೊತ್ತು ಬಂದದ್ದು ಜಲಜಮ್ಮನ ಕಣ್ಣಿನ ಆಪರೇಷನ್‌ನಿಂದ. ಶಿವಮೊಗ್ಗದಲ್ಲಿ ತಂಗಿಯ ಮನೆಯಲ್ಲಿ ಹತ್ತು ದಿನ ಇರಬೇಕಿತ್ತು. ಹನ್ನೊಂದು ತಿಂಗಳ ಬಾಡಿಗೆ ಕರಾರೂ ಅದೇ ಹೊತ್ತಿಗೆ ಮುಗಿಯುತ್ತಿತ್ತು.

"ಮುಂದಕ್ಕೆ ಬರೆದುಕೊಡಲ್ಲ ರಂಜನಾ," ಎಂದಳು ಜಲಜಮ್ಮ. "ನಾನು ಬಡಿದ್ರೆ ಇವಳಿಗೆ ಬೆಳಗಾಗೋದು. ನಾಳೆ ನಾನು ಸತ್ತರೆ ಇವಳು ಒಳಗೇ ಕೂತಿರ್ತಾಳೆ."

ರಂಜನಾ ಮೊಬೈಲಿನಲ್ಲಿ ಅಲಾರಾಂ ಇಟ್ಟು ನೋಡಿದಳು. ಅಂಬಿಕಾ ಎದ್ದಳು, ಅಲಾರಾಂ ನಿಲ್ಲಿಸಿದಳು, ತಯಾರಾಗಿ ಕೂತಳು. ಏಳುವುದು ಅವಳಿಗೆ ಮೊದಲೂ ಕಷ್ಟವಿರಲಿಲ್ಲ. ರಂಜನಾ ಬೇರೆ ಮನೆಗಳನ್ನೂ ವಿಚಾರಿಸಿದಳು. ಹಿಂದೆ ಎಲ್ಲಿದ್ದಳು ಎಂದು ಕೇಳಿದ ಮೇಲೆ ಯಾರೂ ಕೊಡಲಿಲ್ಲ. ಈ ಕೋಣೆ ಹೋದರೆ ವಾಪಸು ಕೇಂದ್ರಕ್ಕೇ.

"ಅಂಬಿಕಕ್ಕ, ನಿಮಗೆ ಇಲ್ಲಿರೋದು ಬೇಕಾ?"

"ಬೇಕು," ಎಂದಳು ಅಂಬಿಕಾ. ಮಾತ್ರೆ ನುಂಗಿಯಾಯಿತು ಎನ್ನುವಾಗಲೂ ಅವಳ ದನಿ ಹಾಗೇ ಇರುತ್ತಿತ್ತು.

ಕೊನೆಗೆ ಒಪ್ಪಂದವಾಯಿತು. ಜಲಜಮ್ಮ ಇಲ್ಲದ ಹತ್ತು ದಿನವೂ ಅಂಬಿಕಾ ಎಂಟು ಗಂಟೆಯೊಳಗೆ ತಾನೇ ಬಾಗಿಲು ತೆಗೆದರೆ ಕರಾರು ಮುಂದುವರಿಯುತ್ತದೆ. ಎದುರಿನ ಹಿಟ್ಟಿನ ಮಿಲ್ಲಿನ ವಾಸಪ್ಪ ನೋಡಿ ಹೇಳಬೇಕು, ಬಡಿಯಬಾರದು.

ಮೊದಲನೆಯ ದಿನ ಅಂಬಿಕಾ ಬಾಗಿಲ ಮುಂದೆ ನಿಂತಳು. ಚಿಲಕ ಕಣ್ಣೆದುರಿಗೇ ಇತ್ತು. ಹೆದರಿಕೆ ಇರಲಿಲ್ಲ, ಬೇಸರವೂ ಇರಲಿಲ್ಲ. ಕೈ ಮೇಲೆ ಹೋಗಲಿಲ್ಲ, ಅಷ್ಟೆ. ತುಂಬ ಹೊತ್ತಾದ ಮೇಲೆ ಅವಳು ಒಳಗಿನಿಂದಲೇ ಬಾಗಿಲನ್ನು ಎರಡು ಸಲ ಬಡಿದಳು. ಆಮೇಲೆ ಚಿಲಕ ತೆಗೆದಳು. ಎಂಟಕ್ಕೆ ಐದು ನಿಮಿಷವಿತ್ತು. ಎದುರುಗಡೆ ವಾಸಪ್ಪ ರಾಗಿ ಸುರಿಯುವುದನ್ನು ಬಿಟ್ಟು ನೋಡುತ್ತಿದ್ದ.

ಐದು ದಿನ ಹಾಗೇ ನಡೆಯಿತು. ಆರನೆಯ ದಿನ, ಬುಧವಾರ, ಬಡಿದರೂ ಕೈ ಏಳಲಿಲ್ಲ. ಬಡಿದದ್ದು ತನ್ನದೇ ಕೈ ಎಂದು ಅಂದು ಅವಳಿಗೆ ಗೊತ್ತಿತ್ತು. ಅಂದೇ ಯಾಕೆ ಎಂದರೆ ಕಾರಣ ಇಲ್ಲ. ಚೀಲ ಹಿಡಿದು ಕೂತಳು. ಎಂಟು ಹೊಡೆಯಿತು, ಎಂಟೂಕಾಲಾಯಿತು. ಹೊರಗೆ ಚಪ್ಪಲಿಯ ಸದ್ದು ಬಂತು, ನಿಂತಿತು, ವಾಪಸು ಹೋಯಿತು, ಮತ್ತೆ ಬಂತು. ಬಾಗಿಲು ಬಡಿದದ್ದು ಕೇಳಿಸಿತು. ಎದ್ದು ತೆಗೆದಳು.

"ನಾನು ಬಂದಿಲ್ಲ, ನೀವು ನೋಡಿಲ್ಲ," ಎಂದ ವಾಸಪ್ಪ. ಮೀಸೆಯೆಲ್ಲ ಹಿಟ್ಟು. "ಹೋಗಿ ತಂಗಿ, ಕೆಲಸಕ್ಕೆ ತಡ ಆಗುತ್ತೆ."

ಉಳಿದ ನಾಲ್ಕು ದಿನ ಅವಳೇ ತೆಗೆದಳು.

ಜಲಜಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಬಂದಿಳಿದಳು. ಬಗ್ಗಬಾರದು ಎಂದಿದ್ದರಂತೆ. ಕತ್ತು ನೆಟ್ಟಗೆ ಮಾಡಿಕೊಂಡು ಜಗಲಿಯಲ್ಲಿ ಕೂತು ಮೂವರನ್ನೂ ಕರೆಸಿದಳು.

"ಹೂಂ, ಹೇಳು ವಾಸಪ್ಪ."

"ಹತ್ತಕ್ಕೆ ಹತ್ತು, ಜಲಜಮ್ಮ. ಗಡಿಯಾರ ಇದ್ದಂಗೆ."

ರಂಜನಾ ಕರಾರಿನ ಕಾಗದ ಹೊರಗೆ ತೆಗೆದಳು.

"ಒಂಬತ್ತು," ಎಂದಳು ಅಂಬಿಕಾ. "ಬುಧವಾರ ಇವರು ಬಡಿದರು."

ವಾಸಪ್ಪ ತಲೆ ಚಚ್ಚಿಕೊಂಡ. "ಇದೆಂತ ಹೆಂಗಸು ಮಾರಾಯ್ರೆ! ನಾನು ಸುಳ್ಳು ಹೇಳಿದ್ದು ಯಾರಿಗೋಸ್ಕರ?"

"ನೀನು ಬಾಯಿ ಮುಚ್ಚು. ಕಣ್ಣು ಕಾಣದವಳಿಗೆ ಮೋಸ ಮಾಡ್ತೀಯ?" ಎಂದು ಜಲಜಮ್ಮ ಅಂಬಿಕಾಳ ಕಡೆ ತಿರುಗಿದಳು. "ಅವನು ಬಡೀದಿದ್ರೆ?"

"ಕೂತಿರ್ತಿದ್ದೆ."

"ಎಷ್ಟೊತ್ತು?"

"ಗೊತ್ತಿಲ್ಲ."

ರಂಜನಾ ಕಾಗದವನ್ನು ಮಡಚತೊಡಗಿದಳು.

"ಅದ್ಯಾಕೆ ಮಡಚ್ತೀಯ?" ಎಂದಳು ಜಲಜಮ್ಮ. "ನಾನಿಲ್ಲದಾಗ ಒಳಗೆ ಎಂತ ಆಗುತ್ತೆ ಅಂತ ನನಗೆ ಗೊತ್ತಾಗಬೇಕಿತ್ತು. ಗೊತ್ತಾಯ್ತು. ಒಂಬತ್ತು ದಿನ ತಾನೇ ತೆಗೆದ್ಲು, ಆಗದೇ ಇದ್ದ ಒಂದು ದಿನಾನೂ ಇವಳೇ ಹೇಳಿದ್ಲು. ಇನ್ನು ಮೇಲೆ ನಾನೂ ಬಡಿಯಲ್ಲ, ಇವನೂ ಬಡಿಯೋದಿಲ್ಲ. ಬಾಗಿಲು ತೆಗೀದೇ ಇದ್ದ ದಿನ ಆ ದಿನದ ಕೂಲಿ ಹೋಗುತ್ತೆ, ಅಷ್ಟೆ. ಎಲ್ಲಿ ಸೈನು?"

ಹಿಂದಿನ ಕರಾರಿನಲ್ಲಿ ಅಂಬಿಕಾಳ ಪರವಾಗಿ ಸಂಸ್ಥೆಯ ಸಹಿ ಇತ್ತು. ಈ ಸಲ ಅವಳೇ ಹಾಕಿದಳು. ಪೆನ್ನನ್ನು ರಂಜನಾಳಿಗೆ ಕೊಟ್ಟು, ಅನ್ನಕ್ಕೆ ಇಡಬೇಕು ಎಂದು ಎದ್ದು ಹೋದಳು. ಖುಷಿಯಾಯಿತಾ ಎಂದು ಯಾರೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಜಲಜಮ್ಮ ಅಂಗಳದಲ್ಲಿ ದಾಸವಾಳದ ಗಿಡದ ಹತ್ತಿರ ನಿಂತಿದ್ದಳು. ಬಾಗಿಲ ಕಡೆ ಹೋಗಲಿಲ್ಲ. ಆದರೂ ಎರಡು ಸಲ ಬಡಿದ ಸದ್ದು ಕೇಳಿತು.

"ಯಾರದು ಬಡಿದಿದ್ದು? ಬಡೀಬೇಡ ಅಂದಿದ್ದೆ ವಾಸಪ್ಪ!"

"ನಾನೇ," ಎಂದಳು ಅಂಬಿಕಾ ಒಳಗಿನಿಂದ. ಆಮೇಲೆ ಚಿಲಕ ತೆಗೆದಳು.